ಹುಣಸೆಹಣ್ಣಿನಲ್ಲಿ ನೆನೆದ ತೋಟಾಗಳು

ನಾನು ಜನ್ಮದಲ್ಲಿ ಬಂದೂಕು ಹಾರಿಸಿದವನಲ್ಲ. ದೀಪಾವಳಿಯಲ್ಲಿ ಪಟಾಕಿ ಹಚ್ಚುವುದಕ್ಕೂ ಊದುಬತ್ತಿಯನ್ನು ಕೋಲಿಗೆ ಕಟ್ಟಿ, ಮುಖ ಆ ಕಡೆ ತಿರುಗಿಸಿ, ಕೊನೆಗೆ ತಮ್ಮನ ಕೈಗೆ ಕೊಟ್ಟುಬಿಡುತ್ತಿದ್ದ ಪೈಕಿ. ಅಂಥವನು ಸ್ವೀಡನ್ನಿನ ವೆಸ್ಟೆರಾಸ್ ಊರಾಚೆ, ಕಾಡಿನಂಚಿನ ಗ್ಯಾರೇಜೊಂದರಲ್ಲಿ ಕೂತು, ವರ್ಷಗಟ್ಟಲೆ ಶನಿವಾರ ಬೆಳಗ್ಗೆ ಬೇಟೆ ರೈಫಲ್ಲಿನ ಖಾಲಿ ತೋಟಾಗಳನ್ನು ತಿದ್ದಿ ತೀಡಿ ಮತ್ತೆ ಬಳಕೆಗೆ ಸಿದ್ಧಮಾಡುತ್ತಿದ್ದೆ ಅಂದರೆ ಬೆಂಗಳೂರಿನ ನೆಂಟರು ನಂಬುವುದಿಲ್ಲ. ನಂಬಿದವರು ಮೊದಲು ಕೇಳುವುದು, "ಅಲ್ಲಿ ಇರೋ ಪರ್ಮಿಟ್ಟಿಗೆ ಏನೂ ತೊಂದರೆ ಆಗಲ್ವಾ?" ಆ ಪ್ರಶ್ನೆಯನ್ನು ನಾನು ಅವರಿಗಿಂತ ಮುಂಚೆ, ಅವರಿಗಿಂತ ಹೆಚ್ಚು ಸಲ ಕೇಳಿಕೊಂಡಿದ್ದೆ.

ಗ್ಯಾರೇಜು ನನ್ನ ಹಳೆಯ ಬಾಸ್‌ದು. ನಾನು ಈ ದೇಶಕ್ಕೆ ಬಂದಾಗ ಕೆಲಸ ಕೊಟ್ಟವರು ಅವರೇ. ವಿದ್ಯುತ್ ಉಪಕರಣಗಳನ್ನು ಪರೀಕ್ಷೆಗೆ ಒಡ್ಡುವ ವಿಭಾಗ ಅದು. ಯಾವುದು ಎಲ್ಲಿ ಯಾವಾಗ ಕೈಕೊಡಬಹುದು ಎಂದು ಮುಂಚಿತವಾಗಿ ಯೋಚಿಸುವುದೇ ಉದ್ಯೋಗ. ಇಂಟರ್‌ವ್ಯೂನಲ್ಲಿ ಅವರು ಒಂದು ದೊಡ್ಡ ಸ್ವಿಚ್ಚಿನ ನಕ್ಷೆ ಮುಂದಿಟ್ಟು, "ಇದರಲ್ಲಿ ಏನೇನು ಕೆಡಬಹುದು?" ಅಂತ ಕೇಳಿದ್ದರು. ಶುರು ಮಾಡಿದವನು ನಾನು ನಿಲ್ಲಿಸಲೇ ಇಲ್ಲ. ಮುಂದಿದ್ದ ಕಾಫಿ ಆರಿ ತಣ್ಣಗಾಯಿತು. ಆಮೇಲೆ ಅವರು ಪಕ್ಕದವರಿಗೆ, "ಈ ಮನುಷ್ಯನಿಗೆ ನಿದ್ದೆ ಸರಿಯಾಗಿ ಬರಲ್ಲ ಅನ್ಸುತ್ತೆ, ತಗೊಳ್ಳೋಣ" ಅಂದರಂತೆ. ಚಿಂತೆ ಮಾಡುವುದಕ್ಕೂ ಸಂಬಳ ಕೊಡುವವರಿದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾರೆ. ಬಾಸ್ ನನ್ನನ್ನು ನೀನು ಅನ್ನುತ್ತಿದ್ದರು, ನಾನೂ ಅವರನ್ನು ನೀನು ಅನ್ನುತ್ತಿದ್ದೆ. ಆದರೆ ಮನಸ್ಸಿನೊಳಗೆ ಒಂದು ದಿನವೂ ಹಾಗೆ ಕರೆದವನಲ್ಲ. ಇಲ್ಲಿ ಬರೆಯುವಾಗ ಮನಸ್ಸಿನಲ್ಲಿದ್ದ ಹಾಗೆಯೇ ಬರೆಯುತ್ತೇನೆ.

ಅವರು ನಿವೃತ್ತರಾದ ಮೇಲೆ ಒಂದು ದಿನ ಸೂಪರ್‌ಮಾರ್ಕೆಟ್ಟಿನ ಆಲೂಗಡ್ಡೆ ರಾಶಿಯ ಹತ್ತಿರ ಸಿಕ್ಕರು.

"ಶನಿವಾರ ಏನು ಮಾಡ್ತೀಯ?"

"ಏನೂ ಇಲ್ಲ."

ನಿಜಕ್ಕೂ ಏನೂ ಇರಲಿಲ್ಲ. ಹೆಂಡತಿ ಶನಿವಾರ ಬೆಳಗ್ಗೆ ನಮ್ಮ ಕಡೆಯ ಮಕ್ಕಳಿಗೆ ದೇವರನಾಮ ಹೇಳಿಕೊಡಲು ಹೋಗುತ್ತಾಳೆ. ಮಗಳು ಮಧ್ಯಾಹ್ನದವರೆಗೆ ಏಳುವುದಿಲ್ಲ. ನಾನು ಕಿಟಕಿಯ ಪಕ್ಕ ನಿಂತು ಹೀಟರ್ ಪೈಪಿನ ಸದ್ದು ನಿನ್ನೆಗಿಂತ ಬೇರೆ ಥರ ಇದೆಯೇ ಎಂದು ಕೇಳಿಸಿಕೊಳ್ಳುತ್ತಿರುತ್ತೇನೆ.

"ನನಗೆ ಹತ್ತಿರದ್ದು ಸರಿಯಾಗಿ ಕಾಣ್ತಿಲ್ಲ. ನಿನ್ನ ಕಣ್ಣು ಬೇಕು" ಅಂದರು. "ಮದ್ದು, ಗುಂಡು ಯಾವುದನ್ನೂ ನೀನು ಮುಟ್ಟೋ ಹಾಗಿಲ್ಲ, ಲೈಸೆನ್ಸ್ ನಂದು. ಬರೀ ಹಿತ್ತಾಳೆ ಕೆಲಸ. ಕಾಫಿ ಕೊಡ್ತೀನಿ."

ಹೀಗೆ ಶುರುವಾಯಿತು.

ತೋಟಾದಲ್ಲಿ ಹಾರಿಹೋಗುವುದು ತುದಿಯ ಗುಂಡು ಮಾತ್ರ. ಹಿಂದೆ ಉಳಿಯುವ ಹಿತ್ತಾಳೆಯ ಕೇಸ್, ಬೆರಳುದ್ದದ ಪುಟ್ಟ ಬಾಟಲಿಯ ಹಾಗಿರುವುದು, ಅದನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ತುಂಬಬಹುದು. ಆದರೆ ಸಿಡಿಯುವ ಗಳಿಗೆಯಲ್ಲಿ ಅದು ಉಬ್ಬಿ ರೈಫಲ್ಲಿನ ಒಳಗೋಡೆಗೆ ಒತ್ತಿಕೊಂಡಿರುತ್ತದೆ. ಅದನ್ನು ಹಳೆಯ ಅಳತೆಗೆ ತರಬೇಕು. ಬೆಂಚಿಗೆ ಬೋಲ್ಟ್ ಮಾಡಿದ ಒಂದು ಕೈಪ್ರೆಸ್, ಅದರ ತಲೆಯಲ್ಲಿ ಡೈ ಎಂಬ ಉಕ್ಕಿನ ಅಚ್ಚು. ಕೇಸಿಗೆ ಬೆರಳಿನಿಂದ ತೆಳ್ಳಗೆ ಜಿಡ್ಡು ಸವರಿ, ಹಿಡಿಯನ್ನು ಕೆಳಗೆ ಎಳೆದರೆ ಅದು ಡೈಯೊಳಗೆ ಹೊಕ್ಕು, ಬಿಗಿಯಾಗಿ, ಒಂದು ನಿಟ್ಟುಸಿರಿನಂಥ ಸದ್ದು ಮಾಡಿ ಹೊರಬರುತ್ತದೆ. ಬುಡದಲ್ಲಿದ್ದ ಸುಟ್ಟ ಪ್ರೈಮರ್, ಕಿಡಿ ಹೊತ್ತಿಸುವ ಬಟ್ಟಲು, ಟಿಕ್ ಎಂದು ಕೆಳಗಿನ ಡಬ್ಬಕ್ಕೆ ಬೀಳುತ್ತದೆ. ಆಮೇಲೆ ಉದ್ದ ಅಳೆದು, ಬೆಳೆದಿದ್ದರೆ ಕುತ್ತಿಗೆ ಕತ್ತರಿಸಿ, ಅಂಚು ಕೆರೆದು, ಬುಡದ ಕಪ್ಪು ಕೆದಕಿ ತೆಗೆಯಬೇಕು. ಜಿಡ್ಡು ಕಡಿಮೆಯಾದರೆ ಕೇಸ್ ಡೈಯೊಳಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಕೇಸಿನ ಕುತ್ತಿಗೆಯ ಕೆಳಗೆ, ಹೆಗಲ ಮೇಲೆ ಗುಳಿ ಬೀಳುತ್ತದೆ. ದೋಸೆಹೆಂಚಿಗೆ ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರುವಷ್ಟೇ ಹದ ಅದು. ಮೊದಲ ದಿನವೇ ಒಂದನ್ನು ಕಚ್ಚಿಸಿ ಕೂರಿಸಿದೆ. ಬಾಸ್ ಡ್ರಿಲ್ಲು, ಸುತ್ತಿಗೆ ತಂದು ಅದನ್ನು ಬಿಡಿಸುವಷ್ಟು ಹೊತ್ತೂ ನಾನು ಕ್ಷಮೆ ಕೇಳುತ್ತಲೇ ಇದ್ದೆ. ಅವರು ತಲೆ ಎತ್ತದೆ, "ಕ್ಷಮೆ ಸಾಕು, ಟಾರ್ಚ್ ಹಿಡಿ" ಅಂದರು.

ಇದರಲ್ಲಿ ನನಗೆ ತುಂಬ ಹಿಡಿಸಿದ ಕೆಲಸ ಒಂದಿತ್ತು. ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಕೇಸಿನ ಬಾಯಿಂದ ಒಳಗಿಳಿಸಿ, ಬುಡದ ಹತ್ತಿರ ಗೋಡೆಯನ್ನು ಮೆಲ್ಲಗೆ ಗೀರುತ್ತ ಮೇಲೆ ತರಬೇಕು. ಹಲವು ಸಲ ಬಳಸಿದ ಕೇಸಿನಲ್ಲಿ ಹೊರಗೆ ಏನೂ ಕಾಣದಿದ್ದರೂ ಒಳಗೆ ಗೋಡೆ ಸವೆದು ಒಂದು ಗೆರೆ ಬಿದ್ದಿರುತ್ತದೆ. ತಂತಿ ಅಲ್ಲಿ ತಡವರಿಸಿದರೆ ಆ ಕೇಸಿನ ಆಯುಸ್ಸು ಮುಗಿಯಿತು ಅಂತ. ಹೊರಗೆ ಹೊಳೆಯುವ ವಸ್ತುವಿನ ಒಳಗೆ ಬಿರುಕು ಹುಡುಕುವುದು: ದೇವರು ನನ್ನನ್ನು ಇದಕ್ಕೇ ಹುಟ್ಟಿಸಿದ್ದನೇನೋ ಅನ್ನಿಸುವಷ್ಟು ಒಗ್ಗಿತು. ಮುಕ್ಕಾಲು ಪಾಲು ಕೇಸುಗಳಲ್ಲಿ ನನಗೆ ಗೆರೆ ಸಿಗುತ್ತಿತ್ತು. ಬಾಸ್ ಮತ್ತೊಮ್ಮೆ ತಂತಿ ಇಳಿಸಿ ನೋಡಿ, "ಇದು ಗೆರೆ ಅಲ್ಲ, ನಿನ್ನ ಸ್ವಭಾವ" ಎಂದು ಒಳ್ಳೆಯದರ ಡಬ್ಬಕ್ಕೆ ಹಾಕುತ್ತಿದ್ದರು.

ಆ ಮನೆಯಲ್ಲಿ ನನ್ನ ಹೆಸರೇ ಹೊಗೆ ಅಲಾರಂ. ಅದಕ್ಕೆ ಕಾರಣವೂ ಇತ್ತು. ಒಮ್ಮೆ ಅವರ ಪಕ್ಕದ ಮನೆಯ ಸೌನಾದಿಂದ, ಅಂದರೆ ಬಿಸಿಹಬೆಯ ಸ್ನಾನದ ಕೋಣೆಯಿಂದ, ಹೊಗೆ ಬರುವುದನ್ನು ಕಂಡು ನಾನು ಅಗ್ನಿಶಾಮಕದವರಿಗೆ ಫೋನ್ ಮಾಡಿಬಿಟ್ಟಿದ್ದೆ. ಟವೆಲ್ ಸುತ್ತಿಕೊಂಡು ಹೊರಗೆ ಬಂದ ಆ ಮನೆಯವನ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆರೆಯ ಮಂಜುಗಡ್ಡೆ ಎಷ್ಟು ದಪ್ಪವಿದೆ ಎಂದು ವಿಚಾರಿಸಲು ಕಮ್ಯೂನ್ ಎಂಬ ಇಲ್ಲಿನ ಪುರಸಭೆಯ ಕಚೇರಿಗೆ ನಾನು ಮಾಡಿದ ಫೋನುಗಳು, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿ ಕೇಳಿ ಫಿಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ ಎಲ್ಲರ ಕಾಫಿ ಆರಿಸಿದ್ದು, ಎಲ್ಲ ಕತೆಯಾಗಿ ಬಾಸ್‌ರ ಬೇಟೆ ತಂಡದವರೆಗೆ ಹೋಗಿತ್ತು. ಪ್ರತಿ ಶರತ್ಕಾಲ ಬಾಸ್ ನನಗೆ ಕಡವೆಮಾಂಸ ಕೊಡಲು ಬರುತ್ತಿದ್ದರು. ಕಡವೆ ಅಂದರೆ ನಮ್ಮ ಕಡವೆಯಲ್ಲ, ಕುದುರೆಗಿಂತ ಎತ್ತರದ ಇಲ್ಲಿನ ಎಲ್ಕ್. ಮಾಂಸ ತಿನ್ನದ ನಾನು ಬೇಡವೆಂದು ಕೈಮುಗಿಯುತ್ತಿದ್ದೆ. ಬದಲಿಗೆ ಅವರ ಹೆಂಡತಿ ಒಂದು ಬುಟ್ಟಿ ಅಣಬೆ ಕೊಡುತ್ತಿದ್ದರು. ಅದನ್ನು ಮನೆಗೆ ತಂದು, ವಿಷದ್ದಿರಬಹುದೇ ಎಂದು ಪುಸ್ತಕ ತೆಗೆದು ಕೂರುತ್ತಿದ್ದೆ.

ಈಗ ಹುಣಸೆಹಣ್ಣಿನ ವಿಷಯ. ಕೇಸುಗಳನ್ನು ಬೆಳಗಲು ಬಾಸ್ ಹತ್ತಿರ ಒಂದು ಯಂತ್ರವಿತ್ತು, ಜೋಳದ ದಿಂಡಿನ ಪುಡಿಯಲ್ಲಿ ಹಾಕಿ ಗಡಗಡ ಅಲುಗಿಸುವಂಥದ್ದು. ಅದು ಒಂದು ವಸಂತದಲ್ಲಿ ಕೆಟ್ಟು ನಿಂತಿತು. ನಾನು ಎಂದೂ ಇಲ್ಲದ ಧೈರ್ಯದಿಂದ, "ಕೊಡಿ, ನಾನು ಮನೇಲಿ ತೊಳೆದು ತರ್ತೀನಿ. ಹಿತ್ತಾಳೆ ತಾನೆ? ನಮ್ಮ ದೇಶದಲ್ಲಿ ಹಿತ್ತಾಳೆ ಬೆಳಗೋದು ಹುಟ್ಟಿನಿಂದ ಬಂದ ವಿದ್ಯೆ" ಅಂದೆ. ಹುಟ್ಟಿನಿಂದ ಬಂದದ್ದು ಅಮ್ಮನಿಗೆ. ನಾನು ನೋಡಿದವನು ಅಷ್ಟೆ.

ಹೆಂಡತಿ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಸಾರಿನ ಹುಣಸೆಹಣ್ಣು ಮುಟ್ಟಬೇಡಿ. ಮೇಲಿನ ಡಬ್ಬದಲ್ಲಿ ಹಳೇದಿದೆ, ಕಪ್ಪಗಾಗಿರೋದು."

"ಅದೇ ತಗೊಂಡಿದ್ದೀನಿ ಕಣೆ."

"ದೇವರ ದೀಪ ಬೆಳಗೋ ಹುಣಸೆಹಣ್ಣಲ್ಲಿ ಬೇಟೆ ತೋಟಾ! ಅತ್ತೆ ಇದ್ದಿದ್ರೆ ಏನಂತಿದ್ರೋ."

"ಸ್ವಲ್ಪ ಉಪ್ಪೂ ಹಾಕು ಅಂತಿದ್ಲು."

ಮಗಳು ಆ ಕಡೆಯಿಂದ ಸ್ವೀಡಿಷ್‌ನಲ್ಲಿ, "ಅಪ್ಪಾ, ಬಚ್ಚಲೆಲ್ಲ ರಸಂ ವಾಸನೆ" ಎಂದು ಕೂಗಿ ಬಾಗಿಲು ಹಾಕಿಕೊಂಡಳು.

ಅಮ್ಮ ಹುಣಸೆಹಣ್ಣು ಹಚ್ಚಿ, ಉಜ್ಜಿ, ಆ ಕೂಡಲೇ ತೊಳೆದು ಬಿಸಿಲಿಗೆ ಕವುಚಿ ಹಾಕುತ್ತಿದ್ದಳು. ನಾನು ಎಂಜಿನಿಯರ್. ಒಳಗೆ ಬೆರಳು ಹೋಗದ ಪಾತ್ರೆ, ಆದ್ದರಿಂದ ನೆನೆಹಾಕಬೇಕು. ಸ್ವಲ್ಪ ಹೊತ್ತು ನೆನೆದರೆ ಹೊಳೆಯುತ್ತದೆ, ಆದ್ದರಿಂದ ಹೆಚ್ಚು ಹೊತ್ತು ನೆನೆದರೆ ಹೆಚ್ಚು ಹೊಳೆಯುತ್ತದೆ. ಬಕೆಟ್ಟಿನಲ್ಲಿ ಗಟ್ಟಿ ಹುಳಿ ಕಿವುಚಿ, ಉಪ್ಪು ಸುರಿದು, ಕೇಸುಗಳನ್ನು ಮುಳುಗಿಸಿ, ಮರುದಿನ ಬೆಳಗ್ಗೆ ಸ್ಟಾಕ್‌ಹೋಮಿನ ಮೀಟಿಂಗಿಗೆ ಟ್ರೇನು ಹತ್ತಿದೆ. ಬಕೆಟ್ಟು ನೆನಪಾದದ್ದು ಸಂಜೆ ಮನೆಗೆ ಬಂದು ಕೈಕಾಲು ತೊಳೆಯಲು ಹೋದಾಗ. ಹೊರಗೆ ತೆಗೆದರೆ ಎಂಥ ಹೊಳಪು! ಹಳದಿಯಲ್ಲ, ಮಾಸಲು ಗುಲಾಬಿ. ತಾಮ್ರದ ತಂಬಿಗೆಯ ಬಣ್ಣ. ಹಿತ್ತಾಳೆಯನ್ನು ಬಡ್ತಿ ಕೊಟ್ಟು ತಾಮ್ರ ಮಾಡಿದ ಹೆಮ್ಮೆಯಲ್ಲಿ ಶನಿವಾರ ಒಯ್ದು ಕೊಟ್ಟೆ.

ಬಾಸ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿದರು. ಆಮೇಲೆ, "ಎಷ್ಟು ಹೊತ್ತು ಇಟ್ಟಿದ್ದೆ?" ಅಂದರು. ಹೇಳಿದೆ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದುಹಾಕುತ್ತದೆ, ಉಳಿಯುವುದು ತಾಮ್ರದ ಜೊಳ್ಳು ಮೈ, ಆ ಗುಲಾಬಿ ಅದರದ್ದೇ ಗುರುತು ಎಂದು ವಿವರಿಸಿದರು. ಮೇಲ್ಮೈ ಮಾತ್ರ ಹೋಗಿರಬಹುದು, ಒಳಗೂ ಹೋಗಿರಬಹುದು. "ಮುಖದಿಂದ ಒಂದು ಗೇಣು ದೂರದಲ್ಲಿ ಸಿಡಿಯೋ ವಸ್ತು ಇದು. ಇದರಲ್ಲಿ 'ಇರಬಹುದು' ಅನ್ನೋ ಮಾತು ಬಂತೋ, ಮುಗೀತು. ಇಕ್ಕಳದಲ್ಲಿ ಜಜ್ಜಿ ಬಿಸಾಡ್ಬೇಕು."

ನಾನೇ ಜಜ್ಜುತ್ತೇನೆ ಅಂದೆ. "ಬಿಡು, ನಾನು ಜಜ್ತೀನಿ. ನೀನು ಜಜ್ಜೋಕೆ ಹೋಗಿ ಬೆರಳು ಜಜ್ಕೊಳ್ತೀಯ" ಎಂದು ಅವನ್ನೆಲ್ಲ ಖಾಲಿ ಕಾಫಿ ಡಬ್ಬಕ್ಕೆ ಸುರಿದು, ಬೆಂಚಿನ ಕೆಳಗೆ ತಳ್ಳಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಭಾರತೀಯ ವಿಧಾನ ಎಂಬ ಹೆಸರಿನಲ್ಲಿ ಆ ಕತೆಯೂ ಬೇಟೆ ತಂಡಕ್ಕೆ ಹೋಯಿತು.

ಆ ಬೇಸಿಗೆಯಲ್ಲಿ ಅವರು ಕೆಲವು ಮಾತು ಎರಡೆರಡು ಸಲ ಹೇಳಿದ್ದರು. ಕಡವೆಮಾಂಸ ತಿನ್ನುತ್ತೀಯಾ ಎಂದು ಹೊಸದಾಗಿ ಕೇಳಿದ್ದರು. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಕಾಶ ಬೀಳುತ್ತದೆಯೆಂದು ದಿನಾ ಮೇಲೆ ನೋಡುವವನು ಕಾಲ ಕೆಳಗಿನ ನೆಲ ನೋಡುವುದಿಲ್ಲ. ಯಂತ್ರ ರಿಪೇರಿಯಾಗಿತ್ತು, ಕೇಸುಗಳು ಮತ್ತೆ ಗಡಗಡ ತಿರುಗುತ್ತಿದ್ದವು, ಎಲ್ಲ ಸರಿಯಿತ್ತು.

ಸೆಪ್ಟೆಂಬರ್ ಕೊನೆಗೆ ಇಲ್ಲಿ ಬೆಳಕು ಕೈಬಿಡಲು ಶುರುಮಾಡುತ್ತದೆ. ಅಕ್ಟೋಬರಿನ ಕಡವೆ ಬೇಟೆಗೆ ತೋಟಾ ತುಂಬಿ ಮುಗಿದಿತ್ತು. ತುಂಬುವುದೆಲ್ಲ ಅವರೇ, ವಾರದ ನಡುವೆ, ಒಬ್ಬರೇ ಕೂತು. ಶನಿವಾರ ಅವರ ಕಣ್ಣೆದುರೇ ಸಾಲಾಗಿ ನಿಲ್ಲಿಸಿದ ತೋಟಾಗಳ ಉದ್ದ ಅಳೆದು ಹೇಳುವುದು ನನ್ನ ಪಾಲಿಗೆ ಬಂದಿತ್ತು. ಬಾಗಿಲು ತೆರೆದಿತ್ತು, ಹೊರಗಿನ ಬೂದು ಬೆಳಕು ಬೆಂಚಿನ ಮೇಲೆ ಬಿದ್ದಿತ್ತು. ಅಳೆಯುತ್ತ ಅಳೆಯುತ್ತ ಒಂದು ತೋಟಾದ ಮೇಲೆ ನನ್ನ ಕೈ ನಿಂತಿತು. ಬುಡದ ಅಂಚಿನಲ್ಲಿ, ಕುತ್ತಿಗೆಯ ಸುತ್ತ, ಮಾಸಲು ಗುಲಾಬಿ. ಮೈಯ ಉಳಿದ ಭಾಗವನ್ನು ಯಂತ್ರ ಉಜ್ಜಿ ಹಳದಿ ಮಾಡಿತ್ತು. ಪಕ್ಕದ್ದು ನೋಡಿದೆ. ಅದೂ. ಅದರಾಚೆಯದು ಒಳ್ಳೆಯದು. ಅದರಾಚೆಯದು ಮತ್ತೆ ಗುಲಾಬಿ.

ಮೊದಲು ಬಂದ ಯೋಚನೆ, ಇದು ಗೆರೆಯಲ್ಲ, ನನ್ನ ಸ್ವಭಾವ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಗುಲಾಬಿ ಹೋಗಲಿಲ್ಲ.

"ಆ ಹುಣಸೆಹಣ್ಣಿನ ಕೇಸುಗಳನ್ನ ಜಜ್ಜಿದ್ರಿ ಅಲ್ವಾ?" ಅಂದೆ, ಹವಾಮಾನ ಕೇಳುವ ದನಿಯಲ್ಲಿ.

"ಅವತ್ತೇ ಜಜ್ಜಿದೆ."

"ಇದು ಸ್ವಲ್ಪ ನೋಡ್ತೀರಾ?"

ಅವರು ಕೈಗೆ ತೆಗೆದುಕೊಳ್ಳಲೂ ಇಲ್ಲ. "ಶುರುವಾಯ್ತು ಅಲಾರಂ. ಅದು ಬಾಗಿಲಿನ ಬೆಳಕು."

ಒಂದು ಒಳ್ಳೆಯದು, ಒಂದು ಗುಲಾಬಿಯದು, ಎರಡನ್ನೂ ಬಾಗಿಲ ಹೊಸ್ತಿಲ ಮೇಲೆ ಪಕ್ಕಪಕ್ಕ ನಿಲ್ಲಿಸಿದೆ. ಅವರು ಬಗ್ಗಿ ನೋಡಿದರು. ಬಗ್ಗಿದವರು ಹಾಗೇ ಮೊಣಕಾಲೂರಿ ಬೆಂಚಿನ ಕೆಳಗೆ ಕೈಹಾಕಿ ಕಾಫಿ ಡಬ್ಬ ಎಳೆದರು. ಮುಚ್ಚಳ ತೆಗೆದರೆ ತಳದಲ್ಲಿ ಒಂದೇ ಒಂದು ಕೇಸ್ ಉಳಿದಿತ್ತು. ಜಜ್ಜಿರಲಿಲ್ಲ. ಮಿಕ್ಕವೆಲ್ಲ ಬೆಂಚಿನ ಮೇಲೆ ಸಾಲಾಗಿ ನಿಂತಿದ್ದವು, ಮದ್ದು ತುಂಬಿ, ಗುಂಡು ಕೂರಿಸಿ.

ಅವರು ನೆಲದ ಮೇಲೇ ಕೂತರು. ನನ್ನ ಜೀವನದಲ್ಲಿ ಮೊದಲ ಸಲ ಅಲಾರಂ ನಿಜವಾಗಿತ್ತು, ಅದರಿಂದ ಒಂದಿಷ್ಟೂ ಸಮಾಧಾನವಾಗಲಿಲ್ಲ.

"ಯಾವಾಗ ತೆಗೆದು ಯಂತ್ರಕ್ಕೆ ಹಾಕಿದೆನೋ ಗೊತ್ತಿಲ್ಲ" ಅಂದರು ಕೊನೆಗೆ. "ಜಜ್ಜಿದ್ದು ನೆನಪಿದೆ. ಕೈಗೆ ನೆನಪಿದೆ. ಸದ್ದು ಸಹ."

"ಆಗುತ್ತೆ. ನನಗೂ..."

"ನಿನಗೆ ಆಗಲ್ಲ. ಸುಮ್ಮನಿರು." ಡಬ್ಬವನ್ನು ಬದಿಗೆ ಸರಿಸಿ ಮತ್ತೆ ಅವರೇ, "ಇವನ್ನ ನಾನು ಬಿಚ್ಚಿ ಹಾಕ್ತೀನಿ, ಇವತ್ತೇ, ನೀನು ನೋಡ್ತಿರು. ಬೇಟೆಗೆ ಅಂಗಡಿ ತೋಟಾ ತಗೊಳ್ತೀನಿ. ಇದೊಂದು ಬೇಟೆ ವಾರ. ಇದು ಮುಗಿಸಿ ನಾನೇ ಬಿಟ್ಬಿಡ್ತೀನಿ. ಅವಳಿಗೆ ಹೇಳ್ಬೇಡ."

ಅವಳು ಅಂದರೆ ಅವರ ಹೆಂಡತಿ. ಅವರು ನನ್ನಿಂದ ಏನನ್ನೂ ಕೇಳಿದವರಲ್ಲ, ಕಣ್ಣಿನ ಸಹಾಯ ಬಿಟ್ಟು. ನಾನು ತಲೆ ಆಡಿಸಿದೆ. ಯಾವ ದಿಕ್ಕಿಗೆ ಆಡಿಸಿದೆನೋ. ನಮ್ಮವರ ತಲೆ ಆಡಿಸುವಿಕೆಯನ್ನು ಇಲ್ಲಿಯವರು ಹೇಗೆ ಬೇಕಾದರೂ ತಿಳಿದುಕೊಳ್ಳಬಹುದು. ಅವರು ಒಪ್ಪಿಗೆ ಎಂದು ತಿಳಿದರು. ಹೊರಡುವಾಗ, ಡಬ್ಬದ ತಳದಲ್ಲಿ ಉಳಿದಿದ್ದ ಆ ಒಂದು ಖಾಲಿ ಕೇಸನ್ನೂ ಜೊತೆಗೆ ಖಾಲಿಯಿದ್ದ ಒಂದು ಒಳ್ಳೆಯದನ್ನೂ ಜೇಬಿಗೆ ಹಾಕಿಕೊಂಡೆ.

ಅಂಗಡಿ ತೋಟಾ ಸಿಡಿಯುವುದಿಲ್ಲ, ನಿಜ. ಆದರೆ ನನಗೆ ಅಂಟಿಕೊಂಡದ್ದು ಬೇರೆ ಭಯ. ಕಡವೆ ಬೇಟೆ ಒಬ್ಬರದಲ್ಲ. ತಂಡದವರು ಬೆಳಗ್ಗೆ ಕಾಡಿನ ಒಂದೊಂದು ಕಡೆ ನಿಲ್ಲುತ್ತಾರೆ, ಇಬ್ಬರು ನಾಯಿ ಹಿಡಿದು ನಡುವೆ ನಡೆಯುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ, ಯಾವ ದಿಕ್ಕಿಗೆ ಗುಂಡು ಹಾರಿಸಬಾರದು ಎಂದು ಆ ಬೆಳಗ್ಗೆ ಹೇಳಿದ್ದನ್ನು ಇಡೀ ದಿನ ತಲೆಯಲ್ಲಿಟ್ಟುಕೊಂಡೇ ಬೆರಳು ಒತ್ತಬೇಕು. ಇದನ್ನು ನನಗೆ ಹೇಳಿಕೊಟ್ಟವರು ಬಾಸೇ. ತಾವು ಜಜ್ಜದೇ ಇದ್ದದ್ದನ್ನು ಜಜ್ಜಿದೆ ಎಂದು ಸದ್ದುಸಮೇತ ನೆನಪಿಟ್ಟುಕೊಂಡ ಮನುಷ್ಯ, ಆ ಪೊದೆಯ ಹಿಂದೆ ಯಾರೂ ಇಲ್ಲ ಎಂದೂ ಹಾಗೇ ನೆನಪಿಟ್ಟುಕೊಂಡರೆ?

ಹೆಂಡತಿಗೆ ಹೇಳಿದೆ. ಹುರುಳಿಕಾಯಿ ಸೋಸುತ್ತಿದ್ದವಳು ಮೊದಲು ನಕ್ಕಳು. "ನೀವು ಹೇಳಿದ್ರೆ ಯಾರು ನಂಬ್ತಾರೆ ರೀ? ನಮ್ಮನೆ ಫ್ರಿಜ್ ಸದ್ದು ಮಾಡಿದ್ರೂ ಭೂಕಂಪ ಅಂತೀರ." ಜೇಬಿನಿಂದ ಎರಡನ್ನೂ ತೆಗೆದು ಅವಳ ಮುಂದಿಟ್ಟೆ. ದೇವರ ಪಾತ್ರೆ ಬೆಳಗಿದವಳು, ಒಂದೇ ನೋಟಕ್ಕೆ ಗೊತ್ತಾಯಿತು. ನಗು ನಿಂತಿತು. ಮತ್ತೆ ಕಾಯಿಯ ನಾರು ಬಿಡಿಸತೊಡಗಿದಳು.

"ಹೇಳಿದ್ರೆ ಅವರು ಬಂದೂಕು ಕಳ್ಕೊಳ್ತಾರೆ" ಅಂದೆ. "ನನ್ನ ಮುಖ ನೋಡಲ್ಲ."

"ಹೇಳ್ದೆ ಇದ್ರೆ?"

"ಏನೂ ಆಗದೇ ಇರಬಹುದು."

"ನೀವಾ ಈ ಮಾತು ಹೇಳೋದು?" ಅಂದಳು.

ವಾರದ ನಡುವೆ ಒಂದು ಮಧ್ಯಾಹ್ನ ಆಫೀಸಿಗೆ ರಜೆ ಹೇಳಿ ಹೋದೆ. ಆ ಹೊತ್ತಿಗೆ ಬಾಸ್ ನಾಯಿ ಕರೆದುಕೊಂಡು ಕಾಡಿನ ದಾರಿಯಲ್ಲಿ ನಡೆಯಲು ಹೋಗಿರುತ್ತಾರೆಂದು ಗೊತ್ತಿತ್ತು. ಅವರ ಹೆಂಡತಿ ಕಾಫಿ ಇಟ್ಟರು, ಏಲಕ್ಕಿ ಬನ್ನು ಇಟ್ಟರು, "ಮೊಟ್ಟೆ ಇಲ್ಲ, ನಿನಗೆ ಅಂತಲೇ ಮಾಡಿದ್ದು" ಅಂದರು. ಬನ್ನು ಮುರಿದು ತಟ್ಟೆಯಲ್ಲೇ ಇಟ್ಟೆ. ಹೇಗೋ ಹೇಳಿದೆ. ನನ್ನ ಸ್ವೀಡಿಷ್ ಅಂಥ ಹೊತ್ತಿನಲ್ಲಿ ಕಾಲು ಮುರಿದ ಕುರ್ಚಿ, ಯಾವ ಕಡೆ ವಾಲುತ್ತದೋ ತಿಳಿಯದು.

ಅವರು ಪೂರ್ತಿ ಕೇಳಿ, ಮೇಜಿನ ಮೇಲಿದ್ದ ನನ್ನ ಕೈ ತಟ್ಟಿದರು. "ನೀನು ಯಾವಾಗಲೂ ಹೆಚ್ಚು ಯೋಚನೆ ಮಾಡ್ತೀಯ. ನಮಗೆಲ್ಲ ಗೊತ್ತು. ಅವರಿಗೆ ವಯಸ್ಸಾಯ್ತು, ಅಷ್ಟೆ."

ಎರಡು ಕೇಸುಗಳನ್ನು ಕಪ್ಪುಗಳ ಪಕ್ಕ ಇಟ್ಟೆ. ಮೇಜಿನ ಮೇಲೆ ಹಳದಿ ದೀಪ ಇಳಿಬಿದ್ದಿತ್ತು. ಅದರ ಬೆಳಕಿನಲ್ಲಿ ಎರಡೂ ಒಂದೇ ಬಣ್ಣ. ಅವರು ನೋಡಿ, "ಎರಡೂ ಒಂದೇ ಥರ ಇವೆಯಲ್ಲ" ಎಂದು ಕರುಣೆಯಿಂದ ನನ್ನನ್ನು ನೋಡಿದರು. ನನಗೇ ಅನುಮಾನವಾಯಿತು. ಅಲ್ಲಿಂದ ಎದ್ದು, ಕ್ಷಮೆ ಕೇಳಿ, ಬನ್ನು ತಿಂದು ಮನೆಗೆ ಹೋಗುವುದು ಎಷ್ಟು ಸುಲಭವಿತ್ತು! ಅದರ ಬದಲು, "ಸ್ವಲ್ಪ ಹೊರಗೆ ಬರ್ತೀರಾ?" ಅಂದೆ.

ಮುಂಬಾಗಿಲ ಮೆಟ್ಟಿಲ ಮೇಲೆ, ತಣ್ಣನೆಯ ಬೂದು ಬೆಳಕಿನಲ್ಲಿ, ಅವರ ಅಂಗೈಯಲ್ಲಿ ಎರಡನ್ನೂ ಇಟ್ಟೆ. ಅವರು ನೋಡಿದರು. ಬೆರಳಿನಿಂದ ಒಂದನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಆಮೇಲೆ ಕೇಸನ್ನಲ್ಲ, ಕಾಡಿನ ದಾರಿಯನ್ನು ನೋಡುತ್ತ, "ಸ್ಟವ್ ಆರಿಸದೆ ಹೋಗ್ತಾರೆ. ಆಮೇಲೆ ನಾನೇ ಆರಿಸ್ಲಿಲ್ಲ ಅಂತ ಬೈತಾರೆ. ಇರಬಹುದು, ನನಗೇ ಮರೆವು ಅಂತ ನಾನೂ ಅಂದ್ಕೊಂಡಿದ್ದೆ" ಅಂದರು. "ಎಷ್ಟು ದಿನದಿಂದ ಹಾಗಂದ್ಕೊಂಡು ಕೂತಿದ್ದೀನಿ."

ಡಾಕ್ಟರಿಗೆ ಹೇಳಿದರೆ ಸಾಕು, ರೈಫಲ್ ಇಟ್ಟುಕೊಳ್ಳಲು ಯೋಗ್ಯರಲ್ಲ ಅನ್ನಿಸಿದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಇಲ್ಲಿನ ಕಾನೂನು ಹಾಗಿದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಲ್ಲಿ ನಾಯಿ ಓಡಿ ಬಂದು ನನ್ನ ಮೊಣಕಾಲಿಗೆ ಮೈ ಉಜ್ಜಿತು. ಹಿಂದೆಯೇ ಬಾಸ್. ಹೆಂಡತಿಯ ಅಂಗೈ ನೋಡಿದರು, ನನ್ನನ್ನು ನೋಡಿದರು. ಯಾರೂ ವಿವರಿಸಬೇಕಾಗಲಿಲ್ಲ.

"ಮಧ್ಯಾಹ್ನ ಬಂದಿದ್ದೀಯ" ಅಂದರು. "ನಾನಿಲ್ಲದ ಹೊತ್ತು ನೋಡಿ."

"ಬಾಸ್..."

"ನಿನ್ನನ್ನ ಕೆಲಸಕ್ಕೆ ತಗೊಂಡಾಗ ಮೇಲಿನವರೆಲ್ಲ ಬೇಡ ಅಂದ್ರು. ಭಾಷೆ ಬರಲ್ಲ, ಎರಡು ಚಳಿಗಾಲ ತಡೆಯಲ್ಲ ಅಂದ್ರು. ನಾನು ಹಟ ಹಿಡಿದೆ." ಅವರ ದನಿ ಏರಲಿಲ್ಲ. "ಈಗ ಭಾಷೆ ಚೆನ್ನಾಗೇ ಬಂದಿದೆ."

ನಾಯಿಯನ್ನು ಕರೆದುಕೊಂಡು ಒಳಗೆ ಹೋದರು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡರು. ಬಡಿದಿದ್ದರೆ ಚೆನ್ನಾಗಿತ್ತು.

ಬೇಟೆ ವಾರಕ್ಕೆ ಮುಂಚೆಯೇ ಪೊಲೀಸರು ಬಂದು ರೈಫಲ್ಲುಗಳನ್ನು ಒಯ್ದರಂತೆ. ಇಬ್ಬರು ಚಿಕ್ಕ ವಯಸ್ಸಿನವರು, ಬಹಳ ಮರ್ಯಾದೆಯಿಂದ, ಶೂ ಬಿಚ್ಚಿ ಒಳಗೆ ಬಂದರಂತೆ. ಅವರ ಹೆಂಡತಿ ಫೋನಿನಲ್ಲಿ ಇಷ್ಟು ಹೇಳಿ ಇಟ್ಟುಬಿಟ್ಟರು. ಆ ಚಳಿಗಾಲ ನನಗೆ ಶನಿವಾರಗಳು ಇರಲಿಲ್ಲ. ಹೀಟರ್ ಪೈಪಿನ ಸದ್ದು ಕೇಳಿಸಿಕೊಂಡು ನಿಲ್ಲುತ್ತಿದ್ದೆ. ಹೆಂಡತಿ ಒಂದೆರಡು ಸಲ, "ಒಳ್ಳೇದೇ ಮಾಡಿದ್ರಿ" ಅಂದಳು. ಆಮೇಲೆ ನನ್ನ ಮುಖ ನೋಡಿ ಆ ಮಾತನ್ನೂ ಬಿಟ್ಟಳು.

ಹಿಮ ಕರಗುವ ಕಾಲಕ್ಕೆ ಬಾಸ್‌ರ ಫೋನು ಬಂತು. "ಶನಿವಾರ ಯಾಕೆ ಬರ್ತಿಲ್ಲ ನೀನು? ಹುಷಾರಿಲ್ವಾ?"

ಕ್ಷಮಿಸಿದರೋ, ಮರೆತರೋ, ನನಗೆ ಇವತ್ತಿಗೂ ತಿಳಿಯದು. ಕೇಳುವ ಹಾಗೂ ಇರಲಿಲ್ಲ. ಕೇಳಿದರೆ ಕ್ಷಮಿಸಿದ್ದು ಮರೆತುಹೋಗಬಹುದು, ಅಥವಾ ಮರೆತದ್ದು ನೆನಪಾಗಬಹುದು. ಹೋದೆ. ಗ್ಯಾರೇಜಿನ ಬೆಂಚಿನ ಮೇಲೆ ಪ್ರೆಸ್ಸಿನ ಬೋಲ್ಟಿನ ತೂತುಗಳು ಮಾತ್ರ ಉಳಿದಿದ್ದವು. ಇಬ್ಬರೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು ಕಾಫಿ ಕುಡಿಯುತ್ತಿದ್ದೆವು. ಅವರ ಹೆಬ್ಬೆರಳು ತೋರುಬೆರಳು ಆಗಾಗ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು, ಕೇಸಿಗೆ ಜಿಡ್ಡು ಸವರುವ ಹಾಗೆ.

ಅಕ್ಟೋಬರ್ ಮತ್ತೆ ಬಂತು. ಬೇಟೆ ಶುರುವಾಗುವ ದಿನ ಅವರ ಹೆಂಡತಿ ನನ್ನನ್ನು ಕರೆಸಿಕೊಂಡರು. ಬೆಳಗ್ಗೆ ಅವರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಕಾರಿನ ಬಾಗಿಲು ಹಿಡಿದು ಮೆಲ್ಲಗೆ, "ಬೇಟೆ ವಿಷಯ ಕೇಳಿದ್ರೆ, ನಿಮಗೆ ಜ್ವರ ಬಂದಿತ್ತು, ಡಾಕ್ಟ್ರು ಈ ವರ್ಷ ಬೇಡ ಅಂದ್ರು ಅಂತ ಹೇಳು. ನಾನು ಹಾಗೇ ಹೇಳ್ತೀನಿ" ಅಂದರು.

ಗ್ಯಾರೇಜಿನ ಹೊರಗೆ ಬೆಂಚು ಹಾಕಿಕೊಂಡು ಕೂತೆವು. ಮೋಡ ಮರಗಳ ತಲೆಯವರೆಗೆ ಇಳಿದಿತ್ತು. ದೂರದಲ್ಲಿ ಒಂದು ಗುಂಡಿನ ಸದ್ದು ಬಂತು, ಕಾಡಿನೊಳಗೆ ಉರುಳಿ ಉರುಳಿ ನಿಂತಿತು. ಅವರ ಇಡೀ ಮೈ ಆ ಕಡೆ ತಿರುಗಿತು.

"ನಮ್ಮವರೇ" ಅಂದರು. "ಇವತ್ತಾ? ನಾನ್ಯಾಕೆ ಇಲ್ಲಿ ಕೂತಿದ್ದೀನಿ?"

ಜ್ವರದ ಮಾತು ನಾಲಗೆಯ ತುದಿಗೆ ಬಂದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು, ಹಳೆಯ ಕಾಲದಲ್ಲಿ ಪರೀಕ್ಷೆಯ ಫಲಿತಾಂಶ ಕೇಳುವಾಗ ನೋಡುತ್ತಿದ್ದ ಹಾಗೆ, ಮುಲಾಜಿಲ್ಲದೆ. ಜ್ವರ ಬಾಯಿಂದ ಹೊರಡಲಿಲ್ಲ.

"ರೈಫಲ್ ಇಲ್ಲ, ಬಾಸ್. ಹೋದ ವರ್ಷ ತಗೊಂಡು ಹೋದ್ರು. ಮರೆವು ಶುರುವಾಗಿದೆ ನಿಮಗೆ."

"ಯಾರು ಹೇಳಿದ್ದು?"

"ನಾನೇ."

ಅದೇ ಸಿಟ್ಟು ಮುಖಕ್ಕೆ ಏರಿದ್ದನ್ನು ಎರಡನೆಯ ಸಲ ನೋಡಿದೆ, ಅವರಿಗೆ ಅದು ಮೊದಲನೆಯದು. ಎದ್ದರು. ಮನೆಯೊಳಗೆ ಹೋದರು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗಿನಿಂದ ನಾಯಿಗೆ ಏನೋ ಹೇಳುವುದು ಕೇಳಿಸಿತು. ಹೊರಟುಬಿಡಲೇ ಅಂದುಕೊಂಡೆ, ಆದರೆ ಅವರನ್ನು ಒಬ್ಬರೇ ಬಿಟ್ಟು ಹೋಗುವ ಹಾಗಿರಲಿಲ್ಲ. ಸ್ಟವ್ ಹಚ್ಚಿದರೆ, ಆರಿಸದೆ ಬಿಟ್ಟರೆ ಎಂದು ಕಿವಿ ಅತ್ತಲೇ ಇಟ್ಟುಕೊಂಡು ಕೂತೆ.

ತುಂಬ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಎರಡೂ ಕೈಯಲ್ಲಿ ಕಪ್ಪು ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ನೋಡಿಕೊಂಡು ಬಂದರು. ನನ್ನನ್ನು ಕಂಡು ಮುಖ ಅರಳಿತು.

"ಯಾವಾಗ ಬಂದೆ?" ಅಂದರು.

"ಈಗ ತಾನೆ."

ಒಂದು ಕಪ್ಪು ಕೊಟ್ಟು ಪಕ್ಕದಲ್ಲಿ ಕೂತರು. ಕಾಡಿನೊಳಗೆ ಇನ್ನೊಂದು ಗುಂಡು ಹಾರಿತು. ಅವರು ತಲೆ ಎತ್ತಿದರು.